ವರದಿ ಸರಿಯಿದೆ, ನಾಡಿ ಎಲ್ಲಿ?

ಕೆಲವು ವರ್ಷಗಳ ಹಿಂದಿನ ಮಾತು. 26 ವರ್ಷದ ಶಾಲಾ ಶಿಕ್ಷಕಿಯೊಬ್ಬರು ತಮ್ಮ ತಾಯಿಯೊಂದಿಗೆ ನಮ್ಮ ಹೊರರೋಗಿ ವಿಭಾಗಕ್ಕೆ ಬಂದಿದ್ದರು. ಮಹಾಪಧಮನಿ ಹಾಗೂ ಅದರ ದೊಡ್ಡ ಕವಲುಗಳ ಗೋಡೆಯಲ್ಲಿ ಉರಿಯೂತವನ್ನು ಉಂಟುಮಾಡುವ ‘ತಕಯಾಸು ಆರ್ಟರೈಟಿಸ್’ ಎಂಬ ಕಾಯಿಲೆ ಅವರಲ್ಲಿ ಪತ್ತೆಯಾಗಿ ಎರಡು ವರ್ಷ ಕಳೆದಿತ್ತು. ಸ್ಟೀರಾಯ್ಡ್ ಮಾತ್ರೆಗಳಿಂದ ಮುಖ ಊದಿಕೊಂಡಿತ್ತು. ಮದುವೆಯ ಮಾತುಕತೆ ನಡೆಯುತ್ತಿದ್ದ ಮನೆಯಲ್ಲಿ ಅದೇನೂ ಸಣ್ಣ ಸಂಗತಿಯಲ್ಲ. ಆ ದಿನದ ರಕ್ತಪರೀಕ್ಷೆಯ ವರದಿ ಮೇಜಿನ ಮೇಲಿತ್ತು. ಇಎಸ್‌ಆರ್ 16. ಸಿಆರ್‌ಪಿ ಸಹಜ ಮಿತಿಯೊಳಗೆ. ದಾದಿ ಬಲಗೈಯಲ್ಲಿ ಅಳೆದ ರಕ್ತದೊತ್ತಡ 110/70. ಇದಕ್ಕಿಂತ ಚೆನ್ನಾದ ಚೀಟಿ ಇನ್ನೇನು ಬೇಕು? ‘ಎಲ್ಲ ಸರಿಯಿದೆ, ಮಾತ್ರೆ ಕಡಿಮೆ ಮಾಡೋಣ’ ಎಂದೆ. ಏಳುವ ಮುನ್ನ ತಾಯಿ ಒಂದು ಮಾತು ಸೇರಿಸಿದರು: ‘ಡಾಕ್ಟ್ರೇ, ಬೋರ್ಡ್ ಮೇಲೆ ಬರೆಯೋವಾಗ ಕೈ ಸೋತು ಹೋಗುತ್ತೆ ಅಂತಾಳೆ. ಎರಡು ಸಾಲು ಬರೆದು ಕೈ ಕೆಳಗಿಳಿಸಬೇಕಂತೆ.’ ನಿಶ್ಶಕ್ತಿ ಇರಬಹುದು ಎಂದು ಹೇಳಿ ಮುಂದಿನ ರೋಗಿಯನ್ನು ಕರೆದೆ.

ನಾಲ್ಕು ತಿಂಗಳ ನಂತರ ಅವರು ಮರಳಿ ಬಂದಾಗ ಬಲಗೈಯ ಮಣಿಕಟ್ಟಿನಲ್ಲಿ ನಾಡಿಯೇ ಇರಲಿಲ್ಲ. ಎಡಗೈಯಲ್ಲಿ ರಕ್ತದೊತ್ತಡ 168/100 ಇತ್ತು. ಸ್ಕ್ಯಾನ್ ಮಾಡಿಸಿದಾಗ ಬಲತೋಳಿಗೆ ರಕ್ತ ಒಯ್ಯುವ ಅಪಧಮನಿಯಲ್ಲಿ ಹಿಂದೆ ಇರದಿದ್ದ ಸಂಕೋಚನ ಕಾಣಿಸಿತು. ಮೂತ್ರಪಿಂಡದ ಅಪಧಮನಿಯೂ ಮೊದಲಿಗಿಂತ ಕಿರಿದಾಗಿತ್ತು. ಆ ದಿನದ ಇಎಸ್‌ಆರ್ ಎಷ್ಟಿತ್ತೆಂದು ಓದುಗರು ಊಹಿಸಬಹುದು: 19. ಕಾಗದದ ಮೇಲೆ ಆಗಲೂ ಆಕೆ ಆರೋಗ್ಯವಂತೆಯೇ.

ಈ ತಪ್ಪನ್ನು ನಾನಿಲ್ಲಿ ಒಪ್ಪಿಕೊಳ್ಳುತ್ತಿರುವುದು ಪಶ್ಚಾತ್ತಾಪಕ್ಕಾಗಿ ಮಾತ್ರವಲ್ಲ. ಇದು ನನ್ನೊಬ್ಬನ ತಪ್ಪಾಗಿದ್ದರೆ ಅದನ್ನು ಪತ್ರಿಕೆಯಲ್ಲಿ ಬರೆಯುವ ಅಗತ್ಯವೂ ಇರಲಿಲ್ಲ. ರಕ್ತದ ವರದಿಯಲ್ಲಿ ಅಚ್ಚಾದ ಸಂಖ್ಯೆಯನ್ನೇ ಕಾಯಿಲೆಯೆಂದು, ಸಹಜ ಸಂಖ್ಯೆಯನ್ನೇ ಆರೋಗ್ಯವೆಂದು ನಂಬುವ ಅಭ್ಯಾಸ ಇಂದು ವೈದ್ಯರನ್ನೂ ರೋಗಿಗಳನ್ನೂ ಒಟ್ಟಿಗೇ ಆವರಿಸಿದೆ. ರಕ್ತನಾಳದ ದೀರ್ಘಕಾಲೀನ ಉರಿಯೂತಗಳ ವಿಷಯದಲ್ಲಿ ಈ ಅಭ್ಯಾಸಕ್ಕೆ ತೆರಬೇಕಾದ ಬೆಲೆ ದೊಡ್ಡದು. ಅದನ್ನು ತೆರುವವರು ಬಹುಪಾಲು ಹದಿಹರೆಯದಿಂದ ನಲವತ್ತರೊಳಗಿನ ಹೆಣ್ಣುಮಕ್ಕಳು.

ಕಾಯಿಲೆಗೆ ಹೆಸರು ಬಂದದ್ದು ಜಪಾನಿನ ನೇತ್ರತಜ್ಞ ಮಿಕಿಟೊ ತಕಯಾಸು ಅವರಿಂದ. ತರುಣಿಯೊಬ್ಬಳ ಕಣ್ಣಿನ ಹಿಂಪದರದಲ್ಲಿ ನರದ ಸುತ್ತ ಹೂಮಾಲೆಯಂತೆ ಹೆಣೆದುಕೊಂಡಿದ್ದ ಸೂಕ್ಷ್ಮ ರಕ್ತನಾಳಗಳನ್ನು ಅವರು 1908ರಲ್ಲಿ ವರದಿ ಮಾಡಿದರು. ಅಂಥದೇ ಕಣ್ಣುಗಳನ್ನು ಕಂಡಿದ್ದ ಒನಿಶಿ ಮತ್ತು ಕಾಗೋಶಿಮಾ ಎಂಬ ಅವರ ಇಬ್ಬರು ಸಹೋದ್ಯೋಗಿಗಳು ಇನ್ನೊಂದು ಸಂಗತಿಯನ್ನು ಗಮನಿಸಿದ್ದರು: ಈ ರೋಗಿಗಳ ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿರಲಿಲ್ಲ. ಕಣ್ಣಿನ ವೈದ್ಯರು ಕೈಯ ನಾಡಿ ಹಿಡಿದು ನೋಡಿದ್ದರು ಎಂಬುದನ್ನು ಗಮನಿಸಬೇಕು. ಕತ್ತಿನ ಅಪಧಮನಿಗಳು ಕಿರಿದಾಗಿ ತಲೆಗೆ ರಕ್ತ ಸಾಲದೆ ಹೋದಾಗ ಕಣ್ಣು ತನಗೆ ತಾನೇ ಕಟ್ಟಿಕೊಂಡ ಬದಲಿ ದಾರಿಯೇ ಆ ಹೂಮಾಲೆ. ಮುಂದೆ ‘ನಾಡಿಯಿಲ್ಲದ ಕಾಯಿಲೆ’ ಎಂಬ ಅಡ್ಡಹೆಸರೂ ಇದಕ್ಕೆ ಬಂತು.

ಜಪಾನಿನಲ್ಲಿ ಮಹಾಪಧಮನಿಯ ಮೇಲ್ಭಾಗದ ಕಮಾನು ಮತ್ತು ಕತ್ತಿನ ಕವಲುಗಳು ಹೆಚ್ಚಾಗಿ ಬಾಧಿತವಾದರೆ, ಭಾರತದಲ್ಲಿ ಹೊಟ್ಟೆಯ ಭಾಗದ ಮಹಾಪಧಮನಿ ಹಾಗೂ ಮೂತ್ರಪಿಂಡದ ಅಪಧಮನಿಗಳು ತುತ್ತಾಗುವುದು ಹೆಚ್ಚು. ಹೀಗಾಗಿ ನಮ್ಮಲ್ಲಿ ಈ ಕಾಯಿಲೆ ಅನೇಕ ಬಾರಿ ಮೊದಲು ತಲೆದೋರುವುದು ರಕ್ತದೊತ್ತಡದ ರೂಪದಲ್ಲಿ. ಇಪ್ಪತ್ತೆರಡರ ಹುಡುಗಿಗೆ ಬಿಪಿ ಎಂದರೆ ‘ಟೆನ್ಷನ್ ಮಾಡ್ಕೋಬೇಡಮ್ಮ’ ಎಂದು ಹೇಳಿ ಕಳಿಸುವವರು ಈಗಲೂ ಇದ್ದಾರೆ. ಸರ್ಕಾರದ ಅಸಾಂಕ್ರಾಮಿಕ ರೋಗಗಳ ಸಾಮೂಹಿಕ ತಪಾಸಣೆ ಆರಂಭವಾಗುವುದೂ 30 ವರ್ಷ ದಾಟಿದವರಿಂದ. ಅದಕ್ಕೂ ಮುಂಚಿನ ವಯಸ್ಸಿನಲ್ಲೇ ಹಾನಿ ಮಾಡಿ ಮುಗಿಸುವ ಕಾಯಿಲೆ ಆ ಜಾಲರಿಯಲ್ಲಿ ಸಿಕ್ಕುವುದಾದರೂ ಹೇಗೆ?

ಈಗ ಆ ಎರಡು ಸಂಖ್ಯೆಗಳ ವಿಚಾರಕ್ಕೆ ಬರೋಣ. ಇಎಸ್‌ಆರ್ ಅತ್ಯಂತ ಸರಳ ಪರೀಕ್ಷೆ. ಹೆಪ್ಪುಗಟ್ಟದಂತೆ ಮಾಡಿದ ರಕ್ತವನ್ನು ನೆಟ್ಟಗೆ ನಿಲ್ಲಿಸಿದ ಕಿರುಕೊಳವೆಯಲ್ಲಿ ತುಂಬಿ, ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂದು ನೋಡುವುದು, ಅಷ್ಟೇ. ಪೋಲೆಂಡಿನ ಬಿಯೆರ್ನಾಟ್ಸ್ಕಿ 1897ರಲ್ಲಿ ಇದರ ಉಪಯೋಗವನ್ನು ಗುರುತಿಸಿದರು. ಸ್ವೀಡನ್ನಿನ ವೆಸ್ಟರ್‌ಗ್ರೆನ್ 1921ರಲ್ಲಿ ಅದಕ್ಕೊಂದು ಖಚಿತ ವಿಧಾನ ಕೊಟ್ಟರು. ದೇಹದಲ್ಲಿ ಉರಿಯೂತವಿದ್ದಾಗ ಫೈಬ್ರಿನೋಜೆನ್‌ನಂಥ ಪ್ರೋಟೀನುಗಳು ಹೆಚ್ಚಾಗಿ, ಕೆಂಪು ಕಣಗಳು ನಾಣ್ಯಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಅಂಟಿಕೊಂಡು ಬೇಗ ಕೆಳಗಿಳಿಯುತ್ತವೆ. ಸಿಆರ್‌ಪಿಯನ್ನು 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಕಂಡುಕೊಂಡದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಇದು ತಯಾರಾಗುವುದು ಯಕೃತ್ತಿನಲ್ಲಿ. ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ಹೋಗಿ ಬಾಗಿಲು ತಟ್ಟಿದಾಗ.

ಎರಡೂ ಉಪಯುಕ್ತ ಪರೀಕ್ಷೆಗಳೇ, ಅದರಲ್ಲಿ ಸಂಶಯವಿಲ್ಲ. ಆದರೆ ಇವು ರಕ್ತನಾಳದ ಗೋಡೆಯನ್ನು ನೋಡುವುದಿಲ್ಲ. ದೇಹದಲ್ಲೆಲ್ಲೋ ಗದ್ದಲವಿದೆ ಎಂಬುದನ್ನು ದೂರದಿಂದ ಕೇಳಿಸಿಕೊಂಡು ಹೇಳುತ್ತವೆ. ತಕಯಾಸುವಿನಲ್ಲಿ ಉರಿಯೂತ ಮನೆ ಮಾಡುವುದು ಅಪಧಮನಿಯ ಗೋಡೆಯ ಹೊರಪದರದಲ್ಲಿ, ಅದೂ ಕೆಲವು ಸೆಂಟಿಮೀಟರ್ ಉದ್ದದ ತುಂಡುಗಳಲ್ಲಿ. ಅಷ್ಟು ಸಣ್ಣ ಜಾಗದ ಉರಿ ಯಕೃತ್ತಿನವರೆಗೆ ಸುದ್ದಿ ಮುಟ್ಟಿಸದೆಯೇ ಇರಬಹುದು. ಬೂದಿ ಮುಚ್ಚಿದ ಕೆಂಡ ಎನ್ನುತ್ತಾರಲ್ಲ, ಹಾಗೆ.

ಇದು ನನ್ನ ಊಹೆಯಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವರ್ಷಗಟ್ಟಲೆ ಅನುಸರಿಸಿ ನೋಡಿದ 60 ತಕಯಾಸು ರೋಗಿಗಳ ವಿವರ 1994ರಲ್ಲಿ ಪ್ರಕಟವಾಯಿತು. ಕಾಯಿಲೆ ಸಕ್ರಿಯವಾಗಿದ್ದವರಲ್ಲಿ ಇಎಸ್‌ಆರ್ ಏರಿದ್ದುದು ಶೇ 72ರಷ್ಟು ಮಂದಿಯಲ್ಲಿ. ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಅದು ಮೌನವಾಗಿತ್ತು. ಕಾಯಿಲೆ ಶಮನಗೊಂಡಿದೆ ಎಂದು ಭಾವಿಸಿದವರಲ್ಲಿಯೂ ಶೇ 44ರಷ್ಟು ಮಂದಿಗೆ ಅದು ಏರಿಯೇ ಇತ್ತು. ಇನ್ನೂ ಕಳವಳಕಾರಿಯಾದದ್ದು ಮತ್ತೊಂದಿದೆ. ಕಾಯಿಲೆ ತಣ್ಣಗಿದೆ ಎಂದು ವೈದ್ಯರು ತೀರ್ಮಾನಿಸಿದ ಬಳಿಕ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದವರ ರಕ್ತನಾಳದ ಚೂರನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ, ಅಂಥವರಲ್ಲಿ ಶೇ 44ರಷ್ಟು ಮಂದಿಯ ಗೋಡೆಯಲ್ಲಿ ಉರಿಯೂತ ಜೀವಂತವಾಗಿತ್ತು. ಹೀಗೆ ಪರೀಕ್ಷೆಗೊಳಗಾದವರ ಸಂಖ್ಯೆ ಬಲು ಚಿಕ್ಕದು ಎಂಬುದು ನಿಜ. ಆದರೂ ಮೂವತ್ತು ವರ್ಷಗಳಾಚೆಯ ಈ ಎಚ್ಚರಿಕೆಯನ್ನು ಅಲ್ಲಗಳೆಯುವಂಥದ್ದು ಆನಂತರ ಬಂದಿಲ್ಲ.

ವಿಚಿತ್ರವೆಂದರೆ, ಕಾಯಿಲೆಯನ್ನು ವರ್ಗೀಕರಿಸುವ ಮಾನದಂಡಗಳನ್ನು ರಚಿಸಿದವರಿಗೆ ಈ ವಿವೇಕ ಇತ್ತು. ಅಮೆರಿಕದ ರುಮಟಾಲಜಿ ಕಾಲೇಜು 1990ರಲ್ಲಿ ಕೊಟ್ಟ ತಕಯಾಸು ಮಾನದಂಡಗಳಲ್ಲಿ ಇಎಸ್‌ಆರ್ ಇಲ್ಲ. ಯುರೋಪಿನವರೊಂದಿಗೆ ಸೇರಿ 2022ರಲ್ಲಿ ಪರಿಷ್ಕರಿಸಿದಾಗಲೂ ಅದಕ್ಕೆ ಸ್ಥಾನ ಸಿಗಲಿಲ್ಲ. ಅಲ್ಲಿ ಅಂಕಗಳಿರುವುದು ಕುಗ್ಗಿದ ನಾಡಿಗೆ, ದುಡಿದಾಗ ಸೋಲುವ ಕೈಕಾಲಿಗೆ, ರಕ್ತನಾಳದ ಮೇಲೆ ಸ್ಟೆತಾಸ್ಕೋಪಿಟ್ಟಾಗ ಕೇಳುವ ಸುಂಯ್‌ಗುಟ್ಟುವ ಸದ್ದಿಗೆ, ಎರಡು ತೋಳುಗಳ ರಕ್ತದೊತ್ತಡದ ನಡುವಿನ ವ್ಯತ್ಯಾಸಕ್ಕೆ ಹಾಗೂ ಸ್ಕ್ಯಾನಿನಲ್ಲಿ ಕಾಣುವ ಹಾನಿಗೆ. ಇದೇ ಕುಟುಂಬದ ಇನ್ನೊಂದು ಕಾಯಿಲೆಯಾದ ಜಯಂಟ್ ಸೆಲ್ ಆರ್ಟರೈಟಿಸ್‌ನಲ್ಲಿ ಮಾತ್ರ ಇಎಸ್‌ಆರ್ ಅಥವಾ ಸಿಆರ್‌ಪಿ ಏರಿಕೆಗೆ ಅಂಕವುಂಟು. ಅದು ಐವತ್ತು ದಾಟಿದವರಿಗೆ ಬರುವ, ಪಶ್ಚಿಮದಲ್ಲಿ ಹೆಚ್ಚಾಗಿ ಕಾಣುವ ಕಾಯಿಲೆ; ಅಲ್ಲಿ ರಕ್ತ ಹೆಚ್ಚು ಪ್ರಾಮಾಣಿಕವಾಗಿ ಮಾತನಾಡುತ್ತದೆ. ಒಂದು ಕಾಯಿಲೆಯಲ್ಲಿ ಸಾಕ್ಷಿಯಾದದ್ದು ಅದರ ಸೋದರ ಕಾಯಿಲೆಯಲ್ಲಿ ಸಾಕ್ಷಿಯಾಗಲೇಬೇಕೆಂದಿಲ್ಲ. ಸಣ್ಣ ರಕ್ತನಾಳಗಳ ಉರಿಯೂತದಲ್ಲಿ ಬಳಸುವ ಆ್ಯಂಕಾ ಎಂಬ ಪ್ರತಿಕಾಯ ಪರೀಕ್ಷೆಯ ಕಥೆಯೂ ಹೆಚ್ಚುಕಡಿಮೆ ಇದೇ. ರೋಗ ಗುರುತಿಸಲು ಅದು ಅಮೂಲ್ಯ. ಆದರೆ ಅದರ ಏರಿಳಿತವೊಂದನ್ನೇ ನೋಡಿ ಚಿಕಿತ್ಸೆ ಬದಲಿಸಬಾರದೆಂದು ಯುರೋಪಿನ ತಜ್ಞರ ಮಾರ್ಗಸೂಚಿಯೇ ಹೇಳುತ್ತದೆ.

ಇದುವರೆಗೆ ಹೇಳಿದ್ದು ಸುಳ್ಳು ಸಮಾಧಾನದ ಮಾತಾಯಿತು. ಸುಳ್ಳು ಭಯವೂ ಅಷ್ಟೇ ಹಾನಿಕರ, ಮತ್ತು ನಮ್ಮ ದೇಶದಲ್ಲಿ ಅದಕ್ಕೆ ಕಾರಣಗಳು ಬೇರೆಡೆಗಿಂತ ಹೆಚ್ಚು. ರಕ್ತಹೀನತೆಯಿದ್ದರೆ ಕೆಂಪು ಕಣಗಳು ಬೇಗ ಕೆಳಗಿಳಿಯುತ್ತವೆ, ಉರಿಯೂತ ಇರಲಿ ಬಿಡಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲಿ ಸುಮಾರು ಅರ್ಧದಷ್ಟು ಮಂದಿಗೆ. ತಕಯಾಸು ಕಾಯಿಲೆ ಆರಿಸಿಕೊಳ್ಳುವುದೂ ಇದೇ ವಯಸ್ಸಿನ ಇದೇ ಮಹಿಳೆಯರನ್ನು. ಗರ್ಭಿಣಿಯರಲ್ಲಿ ಇಎಸ್‌ಆರ್ ತಾನಾಗಿಯೇ ಏರುತ್ತದೆ. ಕ್ಷಯದಲ್ಲಿ ಏರುತ್ತದೆ. ಹಲ್ಲಿನ ಬೇರಿನ ಕೀವಿಗೂ ಮೂತ್ರದ ಸೋಂಕಿಗೂ ಸಿಆರ್‌ಪಿ ಜಿಗಿಯುತ್ತದೆ. ಏರಿದ ಸಂಖ್ಯೆಯನ್ನು ನೋಡಿದೊಡನೆ ಸ್ಟೀರಾಯ್ಡ್ ಪ್ರಮಾಣವನ್ನು ದುಪ್ಪಟ್ಟು ಮಾಡಿದರೆ ಏನಾದೀತು? ಸಕ್ಕರೆ ಕಾಯಿಲೆ, ಮೂಳೆ ಸವೆತ, ಎಳೆ ವಯಸ್ಸಿನಲ್ಲೇ ಕಣ್ಣಿನ ಪೊರೆ. ಮಲಗಿದ್ದ ಕ್ಷಯ ಎದ್ದು ಕೂತರೂ ಆಶ್ಚರ್ಯವಿಲ್ಲ. ಕಬ್ಬಿಣದ ಮಾತ್ರೆ ಕೊಡಬೇಕಾದಲ್ಲಿ ಸ್ಟೀರಾಯ್ಡ್ ಕೊಟ್ಟ ಉದಾಹರಣೆಗಳನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ.

ಹೊಸ ಔಷಧಗಳು ಈ ಗೊಂದಲವನ್ನು ಹೆಚ್ಚಿಸಿವೆ. ಟೋಸಿಲಿಜುಮ್ಯಾಬ್ ಎಂಬ ಚುಚ್ಚುಮದ್ದು ಇಂಟರ್‌ಲ್ಯೂಕಿನ್-6ರ ಬಾಗಿಲನ್ನೇ ಮುಚ್ಚಿಬಿಡುತ್ತದೆ. ಜಯಂಟ್ ಸೆಲ್ ಆರ್ಟರೈಟಿಸ್‌ನ 251 ರೋಗಿಗಳ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಒಳ್ಳೆಯ ಫಲ ನೀಡಿತು. ತಕಯಾಸುವಿನಲ್ಲಿ ಜಪಾನ್ ನಡೆಸಿದ ಪ್ರಯೋಗದಲ್ಲಿದ್ದವರು 36 ಮಂದಿ ಮಾತ್ರ; 2018ರಲ್ಲಿ ಪ್ರಕಟವಾದ ಅದರ ಫಲಿತಾಂಶ ಆಶಾದಾಯಕವಾಗಿದ್ದರೂ ನಿಗದಿಪಡಿಸಿಕೊಂಡ ಮುಖ್ಯ ಗುರಿಯನ್ನು ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಮುಟ್ಟಲಿಲ್ಲ. ಇಲ್ಲಿ ಮುಖ್ಯವಾದದ್ದು ಬೇರೆ. ಸಿಆರ್‌ಪಿ ತಯಾರಿಸಲು ಯಕೃತ್ತಿಗೆ ಸಂದೇಶ ಒಯ್ಯುವುದೇ ಇಂಟರ್‌ಲ್ಯೂಕಿನ್-6 ಎಂದ ಮೇಲೆ, ಈ ಮದ್ದು ತೆಗೆದುಕೊಂಡವರ ಸಿಆರ್‌ಪಿ ಪಾತಾಳಕ್ಕಿಳಿಯುತ್ತದೆ. ಕಾಯಿಲೆ ಶಮನವಾಗಿದ್ದರೂ ಅಷ್ಟೇ, ಉರಿಯುತ್ತಿದ್ದರೂ ಅಷ್ಟೇ. ಕರೆಗಂಟೆಯ ತಂತಿ ಕತ್ತರಿಸಿದ ಮೇಲೆ ಬಾಗಿಲಿಗೆ ಯಾರೂ ಬಂದಿಲ್ಲ ಎಂದು ನಿಶ್ಚಿಂತೆಯಿಂದಿರುವಂತಾಗುತ್ತದೆ. ಆ ಮದ್ದಿನ ಮೇಲಿರುವ ರೋಗಿಗೆ ಸೋಂಕು ತಗುಲಿದರೂ ಸಿಆರ್‌ಪಿ ಎಚ್ಚರಿಸದೇ ಹೋಗಬಹುದು. ಲಕ್ಷಾಂತರ ರೂಪಾಯಿಯ ಚಿಕಿತ್ಸೆ ಪಡೆಯುವವರಿಗೂ ಕೊನೆಗೆ ಬೇಕಾಗುವುದು ನಾಡಿ ಹಿಡಿಯುವ ಕೈ.

ಹಾಗಾದರೆ ಇನ್ನೂ ಒಳ್ಳೆಯ ರಕ್ತಸೂಚಕ ಇಲ್ಲವೇ? ಹುಡುಕಾಟ ನಡೆದೇ ಇದೆ. ಪೆಂಟ್ರಾಕ್ಸಿನ್-3 ಎಂಬುದು ಯಕೃತ್ತಿನ ಬದಲು ಬಹುಪಾಲು ರಕ್ತನಾಳದ ಗೋಡೆ ಮತ್ತು ಅಲ್ಲಿ ಸೇರಿದ ಉರಿಯೂತದ ಕೋಶಗಳಲ್ಲೇ ತಯಾರಾಗುವುದರಿಂದ ಅದರ ಮೇಲೆ ದೊಡ್ಡ ಆಸೆ ಇತ್ತು. ಇಟಲಿಯ ಸಂಶೋಧಕರು 2011ರಲ್ಲಿ ಆಶಾದಾಯಕ ಫಲಿತಾಂಶ ಪ್ರಕಟಿಸಿದರು. ಆನಂತರದ ಅಧ್ಯಯನಗಳು ಒಂದೇ ದಿಕ್ಕಿನಲ್ಲಿ ಸಾಗಲಿಲ್ಲ. ಗೋಡೆಯನ್ನು ಕೊರೆಯುವ ಕಿಣ್ವಗಳನ್ನು ಅಳೆಯುವ ಪ್ರಯತ್ನಗಳೂ ಆಗಿವೆ. ಜಿಲ್ಲಾ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ನೆಚ್ಚಿಕೊಂಡು ಬಳಸಬಹುದಾದ ಸೂಚಕ ಮಾತ್ರ ಇನ್ನೂ ಕೈಗೆ ಬಂದಿಲ್ಲ.

ಸ್ಕ್ಯಾನ್ ಮಾಡಿಸಿಬಿಟ್ಟರೆ ಎಲ್ಲ ತಿಳಿಯುತ್ತದೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಎಂಆರ್‌ಐ ಆಂಜಿಯೋಗ್ರಾಮ್ ರಕ್ತನಾಳದ ಒಳದಾರಿಯನ್ನೂ ಗೋಡೆಯ ದಪ್ಪವನ್ನೂ ತೋರಿಸುತ್ತದೆ. ಪೆಟ್ ಸ್ಕ್ಯಾನ್ ಗೋಡೆ ಎಷ್ಟು ಸಕ್ಕರೆ ಹೀರುತ್ತಿದೆ ಎಂಬುದನ್ನು. ಆದರೆ ರೋಗಲಕ್ಷಣಗಳೆಲ್ಲ ಅಡಗಿದವರಲ್ಲೂ ಗೋಡೆ ಬಹುಕಾಲ ಹೊಳೆಯುತ್ತಲೇ ಇರುವುದುಂಟು. ಅದು ಉರಿಯೋ ಗಾಯ ಮಾಯುವ ಪರಿಯೋ ಎಂಬುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಇನ್ನೊಂದು ತೊಡಕೂ ಇದೆ. ಉರಿ ಆರಿದ ಮೇಲೂ ಕಲೆಗಟ್ಟಿದ ಗೋಡೆ ಬಿಗಿಯುತ್ತ ಹೋಗಿ ದಾರಿ ಕಿರಿದಾಗಬಹುದು. ಆಗ ರೋಗಿಗೆ ಬೇಕಾಗುವುದು ಹೆಚ್ಚಿನ ಸ್ಟೀರಾಯ್ಡ್ ಅಲ್ಲ, ಬಲೂನಿನಿಂದ ದಾರಿ ಅಗಲಿಸುವುದೋ ಬೈಪಾಸೋ ಆಗಿರಬಹುದು. ಕಾಯಿಲೆಯ ಸಕ್ರಿಯತೆ ಬೇರೆ, ಅದು ಬಿಟ್ಟುಹೋದ ಹಾನಿ ಬೇರೆ. ಇವೆರಡನ್ನೂ ಬಿಡಿಸಿ ನೋಡುವ ಒಂದೇ ಒಂದು ಪರೀಕ್ಷೆ ಸದ್ಯಕ್ಕೆ ಯಾವ ಯಂತ್ರದಲ್ಲೂ ಇಲ್ಲ. ಹಲವು ಸಾಕ್ಷ್ಯಗಳನ್ನು ಒಟ್ಟಿಗಿಟ್ಟು ತೂಗಿ ನೋಡುವ ವೈದ್ಯರೇ ಬೇಕು.

ಈ ತೂಗಾಟಕ್ಕೆ ಒಂದು ಶಿಸ್ತು ತಂದುಕೊಟ್ಟವರು ನಮ್ಮವರೇ ಎಂಬುದು ಹೆಮ್ಮೆಯ ವಿಷಯ. ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ಸಂಸ್ಥೆ, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜುಗಳ ತಜ್ಞರೂ ಸೇರಿದಂತೆ ಭಾರತೀಯ ರುಮಟಾಲಜಿಸ್ಟರ ತಂಡವೊಂದು ‘ಇಂಡಿಯನ್ ತಕಯಾಸು ಕ್ಲಿನಿಕಲ್ ಆ್ಯಕ್ಟಿವಿಟಿ ಸ್ಕೋರ್’ ಎಂಬ ಅಂಕಪಟ್ಟಿಯನ್ನು ರೂಪಿಸಿ 2013ರಲ್ಲಿ ಪ್ರಕಟಿಸಿತು. ಅದರಲ್ಲಿರುವ 44 ಅಂಶಗಳ ಪೈಕಿ 33 ಹೃದಯ ಹಾಗೂ ರಕ್ತನಾಳಗಳಿಗೆ ಸಂಬಂಧಿಸಿದವು: ಹೊಸದಾಗಿ ಕಳೆದುಹೋದ ನಾಡಿ, ಹೊಸ ಸದ್ದು, ಎರಡು ಕೈಗಳ ರಕ್ತದೊತ್ತಡದ ವ್ಯತ್ಯಾಸ, ಇತ್ಯಾದಿ. ಇಎಸ್‌ಆರ್, ಸಿಆರ್‌ಪಿಗಳನ್ನು ಮೂಲ ಪಟ್ಟಿಯಲ್ಲಿ ಸೇರಿಸದೆ, ಬೇಕೆಂದರೆ ಕೂಡಿಸಿಕೊಳ್ಳಬಹುದಾದ ಪ್ರತ್ಯೇಕ ಅಂಕವಾಗಿ ಇಟ್ಟಿದ್ದಾರೆ. ಸಂಖ್ಯೆಗೆ ಎಷ್ಟು ಮರ್ಯಾದೆ ಸಲ್ಲಬೇಕೋ ಅಷ್ಟೇ. ದುಬಾರಿ ಯಂತ್ರವನ್ನು ಕೇಳದ ಈ ಪಟ್ಟಿಗೆ ಬೇಕಾದದ್ದು ರೋಗಿಯೊಂದಿಗೆ ಹದಿನೈದು ಇಪ್ಪತ್ತು ನಿಮಿಷ ಕೂರುವ ವ್ಯವಧಾನ.

ಕೊರತೆಯಿರುವುದು ಅದಕ್ಕೇ. ಬೆಳಗಿನ ಹೊತ್ತು ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ಮುಂದೆ ನಿಂತು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಖಾಸಗಿಯಲ್ಲಿ ಕಥೆ ಬೇರೆ; ಅಲ್ಲಿ ಪರೀಕ್ಷೆಗೆ ಬಿಲ್ ಇದೆ, ನಾಡಿ ಹಿಡಿಯುವುದಕ್ಕೆ ಬಿಲ್ ಇಲ್ಲ. ಬಡವರಿಗಿರುವ ಸರ್ಕಾರಿ ಆರೋಗ್ಯ ಕಾರ್ಡೂ ಮುಖ್ಯವಾಗಿ ನೆರವಾಗುವುದು ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ವರ್ಷಗಟ್ಟಲೆ ಓಡಾಡುವ ದೀರ್ಘಕಾಲೀನ ರೋಗಿಯ ತಪಾಸಣೆ, ಸ್ಕ್ಯಾನ್, ಮಾತ್ರೆಗಳ ಖರ್ಚು ಬಹುಪಾಲು ಅವರ ಜೇಬಿನಿಂದಲೇ ಹೋಗಬೇಕು. ಇದರ ಜೊತೆಗೆ ‘ಸಂಪೂರ್ಣ ದೇಹ ತಪಾಸಣೆ’ಯ ಪ್ಯಾಕೇಜುಗಳು. ರಕ್ತ ಕೊಟ್ಟ ಸಂಜೆಯೇ ಮೊಬೈಲಿಗೆ ವರದಿ ಬರುತ್ತದೆ. ಮಿತಿ ಮೀರಿದ ಸಂಖ್ಯೆಗಳು ಕೆಂಪಕ್ಷರದಲ್ಲಿ, ಉಳಿದವು ಹಸಿರಿನಲ್ಲಿ. ಹಸಿರು ಕಂಡ ಮನೆಯವರು ನಿದ್ರೆ ಮಾಡುತ್ತಾರೆ, ಕೆಂಪು ಕಂಡವರು ರಾತ್ರಿಯಿಡೀ ಇಂಟರ್‌ನೆಟ್ ಜಾಲಾಡುತ್ತಾರೆ. ವೈದ್ಯರ ಮುಂದೆ ಬಂದು ಕೂರುವಷ್ಟರಲ್ಲಿ ತೀರ್ಪು ಹೊರಬಿದ್ದಾಗಿರುತ್ತದೆ. ನಾವು ವೈದ್ಯರೂ ಅದಕ್ಕೇ ಮೊಹರು ಒತ್ತಿ ಕಳಿಸುತ್ತೇವೆ.

ಎಂಬಿಬಿಎಸ್ ಅಂತಿಮ ಪರೀಕ್ಷೆಯಲ್ಲಿ ಕೈಕಾಲುಗಳ ಎಲ್ಲ ನಾಡಿಗಳನ್ನೂ ಮುಟ್ಟಿ ನೋಡದ, ಮಣಿಕಟ್ಟಿನ ನಾಡಿಯನ್ನು ತೊಡೆಸಂದಿನ ನಾಡಿಯೊಂದಿಗೆ ಹೋಲಿಸಿ ಹೇಳದ ವಿದ್ಯಾರ್ಥಿ ಪರೀಕ್ಷಕರ ಕೋಪಕ್ಕೆ ತುತ್ತಾಗುತ್ತಾನೆ. ನಾನೂ ಪರೀಕ್ಷಕನಾಗಿ ಕೂತು ಕೋಪಿಸಿಕೊಂಡಿದ್ದುಂಟು. ಪದವಿ ಕೈಗೆ ಬಂದ ಮರುವರ್ಷದಿಂದ ಆ ವಿದ್ಯೆಯನ್ನು ಯಾರೂ ಕೇಳುವುದಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಗಾದೆ ನಮ್ಮಲ್ಲಿದೆ; ಮಣಿಕಟ್ಟಿನ ನಾಡಿಗೆ ಮಾತ್ರ ನಾವು ಪ್ರಯೋಗಾಲಯದ ಕನ್ನಡಿ ಹಿಡಿಯುತ್ತಿದ್ದೇವೆ.

ಇದನ್ನು ಓದಿ ರಕ್ತಪರೀಕ್ಷೆಯೇ ಬೇಡವೆಂದು ಯಾರೂ ಭಾವಿಸಬಾರದು. ರೋಗ ಪತ್ತೆಯಾದಾಗ ಏರಿದ್ದ ಇಎಸ್‌ಆರ್ ಚಿಕಿತ್ಸೆಯಿಂದ ಇಳಿದು, ಮತ್ತೆ ಮೂರು ತಿಂಗಳಲ್ಲಿ ಮೆಲ್ಲಗೆ ಏರತೊಡಗಿದರೆ ಆ ರೋಗಿಯ ಮಟ್ಟಿಗೆ ಅದೊಂದು ಗಂಭೀರ ಸುಳಿವು. ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುವ ಅಗ್ಗದ ಸಾಧನವೂ ಅದೇ. ಪ್ರತಿಯೊಬ್ಬರಿಗೂ ಅವರದೇ ಹಿಂದಿನ ಸಂಖ್ಯೆಗಳೊಂದಿಗೆ ಹೋಲಿಸಿ ನೋಡಿದರೆ ಅದು ನೆರವಾಗುತ್ತದೆ. ಅಚ್ಚಾದ ‘ಸಹಜ ಮಿತಿ’ಯೊಂದಿಗೆ ಮಾತ್ರ ಹೋಲಿಸಿದರೆ ದಾರಿ ತಪ್ಪಿಸುತ್ತದೆ. ಹಾಗೆಯೇ, ವರದಿಯನ್ನು ನಂಬಲಾಗದು ಎಂದುಕೊಂಡು ತಾವಾಗಿಯೇ ಸ್ಟೀರಾಯ್ಡ್ ನಿಲ್ಲಿಸುವುದು ಅಪಾಯ. ದೀರ್ಘಕಾಲ ಆ ಮಾತ್ರೆ ನುಂಗಿದ ದೇಹ ತನ್ನದೇ ಹಾರ್ಮೋನು ತಯಾರಿಸುವುದನ್ನು ಮರೆತಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಕುತ್ತು.

ನಾನು ಕೇಳುವುದು ಅಷ್ಟೇನೂ ದೊಡ್ಡದಲ್ಲ. ನಲವತ್ತರೊಳಗಿನ ಯಾರಿಗೇ ಆಗಲಿ ರಕ್ತದೊತ್ತಡ ಹೆಚ್ಚಿದ್ದರೆ ಮೊದಲ ಭೇಟಿಯಲ್ಲೇ ಎರಡೂ ತೋಳುಗಳಲ್ಲಿ ಅಳೆಯಬೇಕು, ಸಂಶಯವಿದ್ದರೆ ಕಾಲಿನಲ್ಲೂ. ಕಿರಿದಾದ ಅಪಧಮನಿಯ ತೋಳಿನಲ್ಲಿ ಯಂತ್ರ ತೋರಿಸುವ ಸಂಖ್ಯೆ ಸುಳ್ಳು ಸಂಖ್ಯೆ. ಎರಡೂ ತೋಳುಗಳ ಅಪಧಮನಿಗಳು ಬಾಧಿತವಾಗಿದ್ದರೆ ನಿಜವಾದ ಒತ್ತಡ ತಿಳಿಯುವುದು ತೊಡೆಗೆ ಪಟ್ಟಿ ಸುತ್ತಿದಾಗಲೇ. ತಕಯಾಸು ರೋಗಿಯ ಪ್ರತಿ ಭೇಟಿಯ ಚೀಟಿಯಲ್ಲೂ ಇಎಸ್‌ಆರ್ ಬರೆಯುವ ಸಾಲಿನ ಮೇಲೆ ನಾಡಿಗಳ ಸಾಲು ಇರಬೇಕು. ವೈದ್ಯಕೀಯ ಕಾಲೇಜುಗಳಲ್ಲಾದರೂ ಆ ಭಾರತೀಯ ಅಂಕಪಟ್ಟಿಯ ಅಚ್ಚು ಪ್ರತಿ ಮೇಜಿನ ಮೇಲಿರಲಿ. ಸರ್ಕಾರ ತನ್ನ ಆರೋಗ್ಯ ಯೋಜನೆಯಲ್ಲಿ ಇಂಥ ರೋಗಿಗಳ ನಿಯತಕಾಲಿಕ ಸ್ಕ್ಯಾನಿಗೆ, ಹೊರರೋಗಿ ಔಷಧಕ್ಕೆ ದಾರಿ ಮಾಡಿಕೊಟ್ಟರೆ ಮುಂದೆ ಡಯಾಲಿಸಿಸ್‌ಗೂ ಪಾರ್ಶ್ವವಾಯುವಿಗೂ ಮಾಡುವ ಖರ್ಚಿನಲ್ಲಿ ಅಷ್ಟು ಉಳಿದೀತು. ಇನ್ನು ಮನೆಯವರಿಗೆ ಒಂದು ಮಾತು. ಬಟ್ಟೆ ಒಣಹಾಕುವಾಗ, ತಲೆ ಬಾಚುವಾಗ ಕೈ ಸೋಲುವುದು, ಕತ್ತಿನ ಪಕ್ಕದಲ್ಲಿ ಮುಟ್ಟಿದರೆ ನೋವು, ಎದ್ದು ನಿಂತಾಗ ಕಣ್ಣು ಕತ್ತಲೆ, ಕಾರಣವಿಲ್ಲದೆ ತಿಂಗಳುಗಟ್ಟಲೆ ಬರುವ ಸಣ್ಣ ಜ್ವರ, ಇಳಿಯುವ ತೂಕ, ಇವನ್ನು ‘ವರದಿ ಸರಿಯಿದೆಯಲ್ಲ’ ಎಂಬ ಮಾತಿನಿಂದ ಯಾರೂ ಮುಚ್ಚಿಹಾಕದಂತೆ ನೋಡಿಕೊಳ್ಳಿ. ಆ ಯಾರೂ ಎಂಬುದರಲ್ಲಿ ವೈದ್ಯರೂ ಸೇರಿದ್ದಾರೆ.

ಆ ಶಿಕ್ಷಕಿ ಈಗಲೂ ಬರುತ್ತಾರೆ. ಚಿಕಿತ್ಸೆ ಬದಲಾಯಿತು, ಮೂತ್ರಪಿಂಡದ ಅಪಧಮನಿಯನ್ನು ಬಲೂನಿನಿಂದ ಅಗಲಿಸಲಾಯಿತು, ರಕ್ತದೊತ್ತಡ ಹಿಡಿತಕ್ಕೆ ಬಂತು. ಬಲಗೈಯ ನಾಡಿ ಮಾತ್ರ ಮರಳಲಿಲ್ಲ. ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆಯುವುದನ್ನು ರೂಢಿಸಿಕೊಂಡಿದ್ದಾರೆ. ಕಳೆದ ಸಲ ಬಂದಾಗ ಇಎಸ್‌ಆರ್ 48 ಇತ್ತು. ತಾಯಿಯ ಮುಖ ಬಾಡಿತ್ತು. ನಾಡಿಗಳನ್ನು ಒಂದೊಂದಾಗಿ ನೋಡಿದೆ, ಕತ್ತಿನ ಎರಡೂ ಬದಿಗೆ, ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಆಲಿಸಿದೆ, ಹಳೆಯ ಚೀಟಿಗಳೊಂದಿಗೆ ಹೋಲಿಸಿದೆ. ಹೊಸದೇನೂ ಇರಲಿಲ್ಲ. ಹಿಮೋಗ್ಲೋಬಿನ್ 8.6ಕ್ಕೆ ಇಳಿದಿತ್ತು. ಸ್ಟೀರಾಯ್ಡ್ ಹೆಚ್ಚಿಸಲಿಲ್ಲ, ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಆರು ವಾರ ಬಿಟ್ಟು ಬರಲು ಹೇಳಿದೆ. ‘ಬರೀ ರಕ್ತ ಕಮ್ಮಿ ಅಂತೀರಾ ಡಾಕ್ಟ್ರೇ?’ ಎಂದು ತಾಯಿ ಎರಡು ಸಲ ಕೇಳಿದರು.